ಹಗುರಾದ ಸ್ಟೀರಿಂಗಿನ ಹಿಂದಿನ ಕಾಲು ಶತಮಾನ

ಮುಂಬೈಯ ಗಲ್ಲಿಯಲ್ಲಿ ನಿಂತಲ್ಲೇ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ತಿರುಗಿಸುತ್ತಿದ್ದ ಚಾಲಕರ ಭುಜಗಳನ್ನು ನೋಡಿದವರಿಗೆ ಪವರ್ ಸ್ಟೀರಿಂಗಿನ ಬೆಲೆ ಗೊತ್ತು. ಆದರೆ ಆ ಸೌಕರ್ಯ 1926ರಲ್ಲೇ ಅಮೆರಿಕದ ರಸ್ತೆಯಲ್ಲಿ ಓಡಿ ತೋರಿಸಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು.

ಫ್ರಾನ್ಸಿಸ್ ಡೇವಿಸ್ ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ. ಭಾರದ ಲಾರಿಗಳ ಚಕ್ರ ತಿರುಗಿಸಲು ಚಾಲಕರು ಪಡುವ ಪಾಡು ಅವನಿಗೆ ದಿನನಿತ್ಯದ ನೋಟ. ಕೆಲಸ ಬಿಟ್ಟು, ಮೆಸಾಚುಸೆಟ್ಸ್‌ನ ವಾಲ್ಥಮ್‌ನಲ್ಲಿ ಸಣ್ಣ ಕಾರ್ಖಾನೆ ಬಾಡಿಗೆಗೆ ಹಿಡಿದ. ಸದಾ ಒತ್ತಡದಲ್ಲಿಟ್ಟ ಎಣ್ಣೆ ಸೋರುತ್ತದೆ, ಬಿಸಿಯಾಗುತ್ತದೆ. ಹಾಗಾಗಿ ಡೇವಿಸ್ ವಾಲ್ವನ್ನು ತೆರೆದೇ ಇಟ್ಟ. ಎಣ್ಣೆ ಸುಮ್ಮನೆ ಸುತ್ತುತ್ತಿರುತ್ತದೆ; ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ದಾರಿ ಕಿರಿದಾಗಿ ಒತ್ತಡ ಹುಟ್ಟುತ್ತದೆ.

ಜನರಲ್ ಮೋಟಾರ್ಸ್ ಮೆಚ್ಚಿ ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಮಾರಾಟವಾಗುವ ಕಾರುಗಳ ಲೆಕ್ಕಕ್ಕೆ ತಯಾರಿಕೆಯ ಖರ್ಚು ಹೊಂದದೆ 1934ರಲ್ಲಿ ಒಪ್ಪಂದ ಮುರಿಯಿತು. ಯಂತ್ರದಲ್ಲಿ ದೋಷವಿರಲಿಲ್ಲ, ಕಾಲದಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಭಾರದ ಸೇನಾ ವಾಹನಗಳಿಗೆ ಈ ವ್ಯವಸ್ಥೆ ಬೇಕಾಯಿತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ, ಡೇವಿಸ್‌ನ ಮೊದಲ ಪೇಟೆಂಟುಗಳ ಅವಧಿ ಮುಗಿದಿತ್ತು. ಆಗ ಎಚ್ಚೆತ್ತ ಜನರಲ್ ಮೋಟಾರ್ಸ್ ಮತ್ತೆ ಅವನ ಕಡೆ ತಿರುಗಿತು.

ನಿಮ್ಮ ಹಳೆಯ ಕಾರಿನಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ, ಬಾನೆಟ್ ಕೆಳಗೆ ಇರುವುದು ಆ ಲೆಕ್ಕಾಚಾರವೇ. ತಿರುಗಿಸುವಾಗ ಪಂಪ್ ಗೊರಗುಟ್ಟಿದರೆ ಮೊದಲು ಎಣ್ಣೆಯ ಮಟ್ಟ ನೋಡಿ. ಕಡಿಮೆಯಿದ್ದರೆ ಎಲ್ಲೋ ಸೋರುತ್ತಿದೆ. ಕಿರ್ರೆಂದರೆ ಬೆಲ್ಟ್ ಸಡಿಲವಾಗಿರಬಹುದು. ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ: ಮುಂದಿನ ಚಕ್ರಗಳನ್ನೆತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಿ, ನಡುನಡುವೆ ಎಣ್ಣೆ ತುಂಬಿಸಿ. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಬೇಡವೇ ಬೇಡ. ಎಂಜಿನ್ ಓಡುತ್ತಿರುವಾಗ ಸೋರಿಕೆ ಹುಡುಕಲು ಪೈಪಿಗೆ ಕೈ ಹಾಕಬೇಡಿ.

1988ರಲ್ಲಿ ಸುಜುಕಿ ತನ್ನ ಪುಟ್ಟ ಸರ್ವೋ ಕಾರಿಗೆ ವಿದ್ಯುತ್ ಮೋಟರಿನ ಸ್ಟೀರಿಂಗ್ ಕೊಟ್ಟಿತು. ಇಂದಿನ ನಮ್ಮ ಬಹುಪಾಲು ಹೊಸ ಕಾರುಗಳದ್ದು ಅದೇ ಜಾತಿ. ಅದರಲ್ಲಿ ಎಣ್ಣೆಯಿಲ್ಲ, ಬೆಲ್ಟಿಲ್ಲ. ದೀಪ ಹೊತ್ತಿಕೊಂಡರೆ ಬ್ಯಾಟರಿ, ಫ್ಯೂಸ್ ನೋಡಬಹುದು. ಅದರಾಚೆಗೆ ಸ್ಕ್ಯಾನರ್ ಇರುವವರ ಬಾಗಿಲೇ ಗತಿ. ಭುಜದ ನೋವು ಹೋಯಿತು. ಅದರ ಜೊತೆಗೇ, ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ರೋಗ ಹುಡುಕುತ್ತಿದ್ದ ಕೈಗಳ ಕೆಲಸವೂ ಹೋಯಿತು.