ಬುದ್ಧಿಲಬ್ಧ: ಧಾರವಾಡದ ಅಳತೆಗೋಲು, ಚೆನ್ನೈನ ಮಕ್ಕಳು

ಬುದ್ಧಿಲಬ್ಧ ಅಥವಾ ಐಕ್ಯೂ ಎಂದರೆ, ಒಬ್ಬ ವ್ಯಕ್ತಿ ಒಂದು ನಿರ್ದಿಷ್ಟ ಪರೀಕ್ಷೆಯಲ್ಲಿ ತನ್ನ ವಯಸ್ಸಿನ ಇತರರ ನಡುವೆ ಯಾವ ಸ್ಥಾನದಲ್ಲಿದ್ದಾನೆ ಎಂಬುದನ್ನು ಸೂಚಿಸುವ ಅಂಕ. ಮಗುವಿನ ತೂಕ ಇಪ್ಪತ್ತು ಕಿಲೋ ಎಂದರೆ ಆ ಇಪ್ಪತ್ತು ಕಿಲೋ ಮಗುವಿನಲ್ಲೇ ಇದೆ, ಬೇರೆ ಮಕ್ಕಳು ಇರಲಿ ಬಿಡಲಿ ಅದು ಬದಲಾಗದು. ಬುದ್ಧಿಲಬ್ಧ ಹಾಗಲ್ಲ. ಅದು ಸಾಲಿನಲ್ಲಿ ಎಷ್ಟನೆಯವರು ಎಂಬುದನ್ನು ಹೇಳುತ್ತದೆ. ಸಾಲಿನಲ್ಲಿ ಯಾರು ಯಾರು ನಿಂತಿದ್ದಾರೆ ಎಂದು ತಿಳಿಯದೆ ಆ ಅಂಕಕ್ಕೆ ಅರ್ಥವೇ ಇಲ್ಲ. ಭಾರತದಲ್ಲಿ ಈ ವಿಷಯವನ್ನು ಕುರಿತ ಗೊಂದಲ, ಅತಿನಂಬಿಕೆ, ಅತಿದ್ವೇಷಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಈ ಒಂದು ಸಂಗತಿಯನ್ನು ಮರೆತದ್ದರಿಂದ. ಧಾರವಾಡದ ಕಡೆಯ ಮಕ್ಕಳಿಗಾಗಿ ರೂಪುಗೊಂಡ ಒಂದು ಪರೀಕ್ಷೆ ಚೆನ್ನೈನ ಮಕ್ಕಳನ್ನು ಅಳೆಯಲು ಬಳಕೆಯಾದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಅಳತೆಯ ಮೂಲ ಫ್ರಾನ್ಸಿನದು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ವಿಶೇಷ ಪಾಠ ಬೇಕಾದವರು ಯಾರು ಎಂದು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊ 1905ರಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಎಂಟು ವರ್ಷದ ಬಹುತೇಕ ಮಕ್ಕಳು ಮಾಡಬಲ್ಲದ್ದನ್ನು ಒಂದು ಮಗು ಮಾಡಿದರೆ ಅದರ ಮಾನಸಿಕ ವಯಸ್ಸು ಎಂಟು ಎಂಬುದು ಅವರ ಕ್ರಮ. ಆ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸಲಹೆಯನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಕೊಟ್ಟರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯಲ್ಲಿ ಬಳಕೆಗೆ ತಂದರು. ಬಿನೆಗೆ ಇದು ಮಗುವಿಗೆ ಸಹಾಯ ಎಲ್ಲಿ ಬೇಕು ಎಂದು ಹುಡುಕುವ ಸಾಧನವಷ್ಟೇ ಆಗಿತ್ತು. ಹುಟ್ಟಿನಿಂದ ಬಂದು ಎಂದೂ ಬದಲಾಗದ ಗುಣವನ್ನು ಇದು ಅಳೆಯುತ್ತದೆ ಎಂಬ ವಾದವನ್ನು ಅವರು ಒಪ್ಪಿರಲಿಲ್ಲ.

ಭಾಗಾಕಾರದ ಈ ಲೆಕ್ಕ ವಯಸ್ಕರಿಗೆ ಹೊಂದುವುದಿಲ್ಲ. ನಲವತ್ತರ ವ್ಯಕ್ತಿ ಇಪ್ಪತ್ತರವನಿಗಿಂತ ಎರಡು ಪಟ್ಟು ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲವಲ್ಲ. ಆದ್ದರಿಂದ 1939ರಲ್ಲಿ ಡೇವಿಡ್ ವೆಕ್ಸ್ಲರ್ ತಮ್ಮ ಪರೀಕ್ಷೆಯಲ್ಲಿ ಭಾಗಾಕಾರವನ್ನು ಕೈಬಿಟ್ಟು ಸ್ಥಾನವನ್ನೇ ನೇರವಾಗಿ ಅಂಕವಾಗಿಸಿದರು. ಇಂದಿನ ಪರೀಕ್ಷೆಗಳು ನಡೆಯುವುದು ಹೀಗೆಯೇ: ಒಂದು ವಯಸ್ಸಿನ ದೊಡ್ಡ ಮಾದರಿ ಗುಂಪಿಗೆ ಪರೀಕ್ಷೆ ಕೊಟ್ಟು, ಅವರ ಸರಾಸರಿಯನ್ನು 100 ಎಂದೂ ಹರವಿನ ಒಂದು ಘಟಕವನ್ನು 15 ಎಂದೂ ಇಟ್ಟುಕೊಳ್ಳುತ್ತಾರೆ. ಆಗ ನೂರರಲ್ಲಿ ಸುಮಾರು 68 ಜನ 85ರಿಂದ 115ರ ನಡುವೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಸುಮಾರು ಇಬ್ಬರು. ಸರಾಸರಿ ನೂರು ಎಂಬುದು ಪ್ರಕೃತಿಯಲ್ಲಿ ಕಂಡುಕೊಂಡ ಸಂಖ್ಯೆಯಲ್ಲ, ನಾವು ಇಟ್ಟುಕೊಂಡದ್ದು. ಹಾಗಾಗಿ 140 ಬಂದವನು 70 ಬಂದವನ ಎರಡರಷ್ಟು ಬುದ್ಧಿವಂತ ಎಂಬ ಲೆಕ್ಕ ತಪ್ಪು. ಇದಲ್ಲದೆ ಪ್ರತಿ ಅಂಕಕ್ಕೂ ದೋಷದ ಅಂಚೊಂದಿದೆ. ಒಳ್ಳೆಯ ಪರೀಕ್ಷೆಯಲ್ಲಿಯೂ 78 ಎಂಬ ಅಂಕವನ್ನು ಸರಿಸುಮಾರು 72ರಿಂದ 84ರೊಳಗೆ ಎಲ್ಲೋ ಇದೆ ಎಂದೇ ಓದಬೇಕು.

ಬಿನೆಯ ಪರೀಕ್ಷೆಯನ್ನು ಭಾರತಕ್ಕೆ ಹೊಂದಿಸಿದವರಲ್ಲಿ ಕನ್ನಡಿಗರು ನೆನೆಯಬೇಕಾದವರು ವಿ.ವಿ. ಕಾಮತ್. ಟರ್ಮನ್‌ನ ಆವೃತ್ತಿಯನ್ನು ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಪ್ರದೇಶದ ಮಕ್ಕಳು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಇದರಲ್ಲಿ ಪ್ರತಿ ವಯಸ್ಸಿಗೂ ಒಂದು ಹಂತವಿದೆ. ಚಿಕ್ಕ ವಯಸ್ಸಿನ ಹಂತಗಳಲ್ಲಿ ಆರಾರು ಪ್ರಶ್ನೆಗಳಿದ್ದು, ಒಂದೊಂದು ಸರಿ ಉತ್ತರಕ್ಕೆ ಎರಡು ತಿಂಗಳ ಮಾನಸಿಕ ವಯಸ್ಸು ಸೇರುತ್ತದೆ. 1967ರಲ್ಲಿ ಅದರ ಪುಸ್ತಕದ ನಾಲ್ಕನೆಯ ಆವೃತ್ತಿ ಹೊರಬಂತು. ಭಾರತದ ಆಸ್ಪತ್ರೆಗಳಲ್ಲಿ, ವಿಶೇಷ ಶಾಲೆಗಳಲ್ಲಿ, ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿ ಅದು ಇತ್ತೀಚಿನ ವರ್ಷಗಳವರೆಗೂ ಬಳಕೆಯಲ್ಲಿ ಉಳಿದುಬಂದಿದೆ. ಲೆಕ್ಕ ಮಾತ್ರ ಇನ್ನೂ ಹಳೆಯ ಭಾಗಾಕಾರದ್ದೇ.

ಈ ಪರೀಕ್ಷೆಯನ್ನು ಚೆನ್ನೈನ ಸಂಶೋಧಕರು ಬಹಳ ಬೆಲೆಯುಳ್ಳ ಕೆಲಸವೊಂದಕ್ಕೆ ಬಳಸಿದರು. ಶ್ರೀ ರಾಮಚಂದ್ರ ವೈದ್ಯಕೀಯ ಸಂಸ್ಥೆಯವರು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ ನಗರದ 3ರಿಂದ 7 ವರ್ಷದ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣವನ್ನು ಅಳೆದರು. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತುಹೋಗಿದ್ದರೂ ಕೆಲವು ವರ್ಷಗಳ ಬಳಿಕ ಆ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ಸರಾಸರಿ ಸುಮಾರು 11 ಮೈಕ್ರೋಗ್ರಾಂ ಸೀಸ ಕಂಡುಬಂತು. ಏಳುನೂರಕ್ಕೂ ಹೆಚ್ಚು ಮಕ್ಕಳಿಗೆ ಬಿನೆ-ಕಾಮತ್ ಪರೀಕ್ಷೆ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಸ ಹೆಚ್ಚಿದ್ದ ಮಕ್ಕಳ ಅಂಕ ಕಡಿಮೆ, ಹಿಮೋಗ್ಲೋಬಿನ್ ಹೆಚ್ಚಿದ್ದ ಮಕ್ಕಳ ಅಂಕ ಹೆಚ್ಚು. ಈ ಎರಡು ಸಂಬಂಧಗಳೂ ಒಂದನ್ನೊಂದು ಅವಲಂಬಿಸದೆ ತೋರಿಬಂದವು. ಕನ್ನಡ-ಮರಾಠಿ ಮಕ್ಕಳಿಗೆಂದು ಕಟ್ಟಿದ, ದಶಕಗಳಷ್ಟು ಹಳೆಯ ಪರೀಕ್ಷೆ ಚೆನ್ನೈನ ಮಕ್ಕಳ ವಿಷಯದಲ್ಲಿ ಇಷ್ಟು ನಂಬುವಂಥ ಸತ್ಯವನ್ನು ಹೇಗೆ ಹೇಳಿತು? ಅಲ್ಲಿ ಹೋಲಿಕೆ ನಡೆದದ್ದು ಚೆನ್ನೈನ ಮಕ್ಕಳ ನಡುವೆಯೇ. ಅಂಕಗಳೆಲ್ಲ ಹತ್ತು ಹೆಚ್ಚಿದ್ದರೂ ಕಡಿಮೆಯಿದ್ದರೂ ಎಲ್ಲ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹಾಗಾಗಿರುತ್ತದೆ. ಸೀಸ ತುಂಬಿದ ರಕ್ತದ ಮಗುವಿಗೂ ಶುದ್ಧ ರಕ್ತದ ಮಗುವಿಗೂ ಇರುವ ಅಂತರ ಹಾಗೆಯೇ ಉಳಿಯುತ್ತದೆ. ಗುಂಪುಗಳ ಅಧ್ಯಯನಕ್ಕೆ ಹಳೆಯ ಮಾಪಕವೂ ಸಾಕಾಗುವುದು ಈ ಕಾರಣಕ್ಕೆ.

ಆದರೆ ಅದೇ ಪರೀಕ್ಷೆಯ ಅಂಕವನ್ನು ಒಂದೇ ಮಗುವಿನ ಹೆಸರಿನ ಮುಂದೆ ಬರೆದು ತೀರ್ಪು ಕೊಟ್ಟಾಗ ಆ ರಕ್ಷಣೆ ಇಲ್ಲವಾಗುತ್ತದೆ. ಆಗ ಹೋಲಿಕೆ ನಡೆಯುವುದು ಚೆನ್ನೈನ ಬಡಾವಣೆಗಳಾದ ಅಡಯಾರಿನ ಅಥವಾ ವ್ಯಾಸರ್ಪಾಡಿಯ ಇಂದಿನ ಮಗುವಿಗೂ ಅಂದಿನ ಮಾದರಿ ಗುಂಪಿಗೂ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದಂತೆ, ಅಮೆರಿಕದವರ ಅಂಕ 1932ರಿಂದ 1978ರವರೆಗೆ ಸುಮಾರು 14ರಷ್ಟು ಏರಿತ್ತು. ಮೂರು ವರ್ಷಗಳ ನಂತರ ಹದಿನಾಲ್ಕು ದೇಶಗಳಲ್ಲಿ ಇಂಥದೇ ಏರಿಕೆಯನ್ನು ಅವರು ವರದಿ ಮಾಡಿದರು. ಸರಾಸರಿ ಲೆಕ್ಕದಲ್ಲಿ ದಶಕಕ್ಕೆ ಮೂರು ಅಂಕ. ಹಳೆಯ ಮಾನದಂಡಕ್ಕೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತಂದೆತಾಯಿಗೆ ಅದು ಸಂತೋಷದ ಸುದ್ದಿಯಾಗಿ ತೋರಬಹುದು. ಸಹಾಯದ ಅಗತ್ಯವಿರುವ ಮಗುವಿಗೆ ಅದು ನಷ್ಟ.

ಆ ನಷ್ಟ ಎಷ್ಟು ನಿಜವಾದದ್ದು ಎಂಬುದು ತಿಳಿಯಬೇಕಾದರೆ ಪ್ರಮಾಣಪತ್ರಗಳ ಲೆಕ್ಕವನ್ನು ನೋಡಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪ್ರಕಾರ ಉದ್ಯೋಗ ಮತ್ತು ಉನ್ನತ ಶಿಕ್ಷಣದ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಇರಬೇಕು. 2018ರ ಕೇಂದ್ರ ಮಾರ್ಗಸೂಚಿ ಬೌದ್ಧಿಕ ವೈಕಲ್ಯದ ಶೇಕಡಾವಾರನ್ನು ನಿರ್ಧರಿಸಲು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕವನ್ನು ಆಧಾರವಾಗಿಟ್ಟಿತು: ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ತೊಡುತ್ತದೆಯೇ, ಅಂಗಡಿಗೆ ಹೋಗಿ ಬರುತ್ತದೆಯೇ ಎಂದು ಮನೆಯವರನ್ನು ಕೇಳಿ ಅಂಕ ಕೊಡುವ ಕ್ರಮವಿದು. ಬರಿಯ ಪ್ರಶ್ನೋತ್ತರಕ್ಕಿಂತ ಬದುಕಿನ ನಡವಳಿಕೆಗೆ ಬೆಲೆ ಕೊಟ್ಟದ್ದು ಸರಿಯಾದ ಹೆಜ್ಜೆ. ಅಲ್ಲಿ 55ರಿಂದ 69ರವರೆಗೆ ಶೇಕಡಾ 50, 70ರಿಂದ 84ರವರೆಗೆ ಶೇಕಡಾ 25 ಎಂದಿತ್ತು. ಇನ್ನು ಕಲಿಕಾ ನ್ಯೂನತೆಯ, ಅಂದರೆ ಡಿಸ್ಲೆಕ್ಸಿಯಾದಂಥ ತೊಂದರೆಯ ಪ್ರಮಾಣಪತ್ರಕ್ಕೆ ಅದೇ ಮಾರ್ಗಸೂಚಿ ಮೊದಲು ಬುದ್ಧಿಲಬ್ಧ 85ಕ್ಕಿಂತ ಮೇಲಿದೆಯೇ ಎಂದು ನೋಡುತ್ತಿತ್ತು. ಇದ್ದರೆ ಮಾತ್ರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ಆ ಲೆಕ್ಕದಲ್ಲಿ ಸಾಮಾಜಿಕ ಮತ್ತು ಬೌದ್ಧಿಕ ಅಂಕಗಳೆರಡೂ 78ರ ಆಸುಪಾಸು ಬಂದ ಮಗುವಿನ ಗತಿ ಏನಾಯಿತು? ಅದರ ವೈಕಲ್ಯ ಶೇಕಡಾ 25, ಆದ್ದರಿಂದ 40ರ ಗೆರೆ ಮುಟ್ಟಲಿಲ್ಲ. ಬುದ್ಧಿಲಬ್ಧ 85 ದಾಟಲಿಲ್ಲ, ಆದ್ದರಿಂದ ಕಲಿಕಾ ನ್ಯೂನತೆಯೂ ಅಲ್ಲ. ಗಣಿತದ ಪ್ರಕಾರ 70 ಮತ್ತು 85ರ ನಡುವೆ ನೂರಕ್ಕೆ ಸುಮಾರು ಹದಿನಾಲ್ಕು ಮಕ್ಕಳು ಬರುತ್ತಾರೆ. ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಳ್ಳುವ ಮಕ್ಕಳ ಸಂಖ್ಯೆ ಸಣ್ಣದಲ್ಲ. ಅಂಕದ ದೋಷದ ಅಂಚು ಆರಾರು ಇರುವಾಗ, ಮಾನದಂಡವೇ ಹಳತಾಗಿ ಅಂಕ ಉಬ್ಬಿರುವ ಸಂಭವವಿರುವಾಗ, 69ಕ್ಕೂ 71ಕ್ಕೂ ನಡುವೆ ಒಂದು ಮಗುವಿನ ಹಕ್ಕನ್ನು ನಿರ್ಧರಿಸುವ ಗೆರೆ ಎಳೆಯುವುದು ನ್ಯಾಯವಲ್ಲ.

ಭಾಷೆಯದು ಇನ್ನೊಂದು ತೊಡಕು. ಚೆನ್ನೈನಲ್ಲಿ ನೆಲೆಸಿದ ಕನ್ನಡ ಮನೆಯ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್ ಆಡುತ್ತದೆ. ಅದರ ಪದಸಂಪತ್ತು ಮೂರು ಕಡೆ ಹಂಚಿಹೋಗಿರುತ್ತದೆ. ಯಾವ ಒಂದು ಭಾಷೆಯಲ್ಲಿ ಅಳೆದರೂ ಕಡಿಮೆಯೆಂದೇ ಕಾಣುವುದು ಸಹಜ. ಮಾತಿನ ಪ್ರಶ್ನೆಗಳ ಈ ಮಿತಿಯನ್ನು ಕಂಡೇ ಅಲಹಾಬಾದಿನ ಸಿ.ಎಂ. ಭಾಟಿಯಾ 1955ರಲ್ಲಿ ಐದು ಕ್ರಿಯಾ ಪರೀಕ್ಷೆಗಳ ಸರಣಿಯನ್ನು ಪ್ರಕಟಿಸಿದರು. ಬಣ್ಣದ ಘನಗಳನ್ನು ಜೋಡಿಸುವುದು, ಚಿತ್ರದ ತುಂಡುಗಳನ್ನು ಕೂಡಿಸುವುದು ಇತ್ಯಾದಿ. ಸಾಕ್ಷರರಿಗೆ ಒಂದು, ನಿರಕ್ಷರರಿಗೆ ಇನ್ನೊಂದು ಮಾನದಂಡವನ್ನು ಅವರು ಬೇರೆ ಬೇರೆಯಾಗಿ ಇಟ್ಟರು. ಯಾರೊಂದಿಗೆ ಹೋಲಿಕೆ ಎಂಬ ಪ್ರಶ್ನೆಗೆ ಇಷ್ಟು ಪ್ರಾಮಾಣಿಕವಾಗಿ ಉತ್ತರಿಸಿದ ಭಾರತೀಯ ಪರೀಕ್ಷೆಗಳು ಹೆಚ್ಚಿಲ್ಲ. ಚಿಕ್ಕ ಮಕ್ಕಳಿಗೆ, ಮಾತು ಬಾರದವರಿಗೆ ಹತ್ತು ಮರದ ಆಕೃತಿಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುವ ಸೆಗ್ವಿನ್ ಹಲಗೆಯೂ ಬಳಕೆಯಲ್ಲಿದೆ. ಚಿತ್ರ ಮತ್ತು ಆಕೃತಿಗಳ ಪರೀಕ್ಷೆ ಸಂಸ್ಕೃತಿಯಿಂದ ಪೂರ್ತಿ ಮುಕ್ತ ಎಂದು ಮಾತ್ರ ತಿಳಿಯಬಾರದು: ಫ್ಲಿನ್ ಕಂಡ ಏರಿಕೆ ಅತಿ ಹೆಚ್ಚಾಗಿದ್ದದ್ದು ಇಂಥ ಪರೀಕ್ಷೆಗಳಲ್ಲೇ.

ಇಷ್ಟೆಲ್ಲ ಕುಂದುಗಳಿದ್ದರೆ ಬುದ್ಧಿಲಬ್ಧವನ್ನೇ ಬಿಟ್ಟುಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಅದರ ಬದಲಿಗೆ ಉಳಿಯುವುದು ಪರೀಕ್ಷೆಯ ಮಾರ್ಕು ಮತ್ತು ದೊಡ್ಡವರ ಅಂದಾಜು. ಇವು ಎಷ್ಟು ತಪ್ಪಬಲ್ಲವು ಎಂಬುದಕ್ಕೆ ಮದ್ರಾಸು ದೊಡ್ಡ ಸಾಕ್ಷಿ: ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಪಚ್ಚೈಯಪ್ಪ ಕಾಲೇಜಿನಲ್ಲಿ ಓದಿ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದರು, 1912ರಲ್ಲಿ ಬಂದರು ಮಂಡಳಿಯ ಗುಮಾಸ್ತರಾದರು. ಬುದ್ಧಿಲಬ್ಧ ಪರೀಕ್ಷೆ ಅವರ ಪ್ರತಿಭೆಯನ್ನು ಹಿಡಿಯುತ್ತಿತ್ತು ಎಂದೇನೂ ಅಲ್ಲ. ಅಸಾಧಾರಣ ಸೃಷ್ಟಿಶೀಲತೆಯನ್ನು ಅಳೆಯಲು ಅದು ಹುಟ್ಟಿಲ್ಲ. ಆದರೆ ಓದಲು ಬಾರದ ಜಾಣ ಮಗುವನ್ನು ದಡ್ಡ ಎಂದು ಹಿಂದಿನ ಬೆಂಚಿಗೆ ತಳ್ಳದಂತೆ ಅದು ಎಷ್ಟೋ ಸಲ ತಡೆದಿದೆ. ಚೆನ್ನೈನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಮುಂತಾದ ಸಂಸ್ಥೆಗಳು ಕೆಲಸ ಮಾಡಿರುವುದು ಇಂಥ ಮಕ್ಕಳ ನಡುವೆಯೇ. ಬುದ್ಧಿಲಬ್ಧಕ್ಕೂ ಶಾಲೆಯ ಸಾಧನೆಗೂ ಇರುವ ಸಂಬಂಧ 0.5ರ ಆಸುಪಾಸಿನದು. ಅಂದರೆ ಗಣನೀಯವೂ ಹೌದು, ಆದರೆ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಅದು ವಿವರಿಸಬಲ್ಲದು.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ಬುದ್ಧಿ ಹೆಚ್ಚಾಗಿ ಆನುವಂಶಿಕ ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುವಾಗ ಪರಿಸರದ ಮಾತೇಕೆ? ಆನುವಂಶಿಕತೆಯ ಲೆಕ್ಕ ಒಂದು ಗುಂಪಿನೊಳಗಿನ ವ್ಯತ್ಯಾಸಗಳನ್ನು ಕುರಿತದ್ದು, ಪರಿಸರ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಅಮೆರಿಕದ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಏಳು ವರ್ಷದ ಅವಳಿಗಳ ಅಧ್ಯಯನದಲ್ಲಿ ಅತಿ ಬಡ ಕುಟುಂಬಗಳೊಳಗೆ ಆನುವಂಶಿಕತೆ ಸೊನ್ನೆಯ ಹತ್ತಿರ ಇಳಿದಿತ್ತು. ತೀವ್ರ ಅಯೋಡಿನ್ ಕೊರತೆಯ ಪ್ರದೇಶಗಳ ಮಕ್ಕಳು ಸರಾಸರಿ 13.5 ಅಂಕ ಹಿಂದಿದ್ದರೆಂದು 1994ರ ಸಮೀಕ್ಷೆಯೊಂದು ಲೆಕ್ಕಹಾಕಿದೆ. ಶಾಲೆಯ ಒಂದೊಂದು ಹೆಚ್ಚುವರಿ ವರ್ಷವೂ ಒಂದರಿಂದ ಐದು ಅಂಕ ಏರಿಸುತ್ತದೆ ಎಂದು ತೋರಿಸಿದ ಸಮೀಕ್ಷೆ 2018ರದ್ದು. ಇವನ್ನೆಲ್ಲ ಬದಿಗಿಟ್ಟು, ಸಿಕ್ಕ ಸಿಕ್ಕ ಮಾದರಿಗಳನ್ನು ಒಟ್ಟುಗೂಡಿಸಿ ಭಾರತದ ‘ರಾಷ್ಟ್ರೀಯ ಬುದ್ಧಿಲಬ್ಧ’ 80ರ ಆಸುಪಾಸು ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಲಿನ್ ತಯಾರಿಸಿದ ಪಟ್ಟಿಗಳು ವಿಜ್ಞಾನದ ಹೆಸರಿನಲ್ಲಿ ನಡೆದ ಅನ್ಯಾಯ. ಬೇರೆ ದೇಶದ ಸಾಲಿನಲ್ಲಿ ಬಡ ಮಕ್ಕಳನ್ನು ನಿಲ್ಲಿಸಿ ಹಿಂದಿನವರೆಂದು ಘೋಷಿಸುವುದಕ್ಕೂ ಬುದ್ಧಿಯ ಅಳತೆಗೂ ಸಂಬಂಧವಿಲ್ಲ. ಪರಿಸರಕ್ಕೆ ಇಷ್ಟು ತೂಕವಿರುವುದರಿಂದ, ತಮಿಳುನಾಡಿನ ಶಾಲೆಗಳಲ್ಲಿ 1982ರಿಂದ ವಿಸ್ತಾರಗೊಂಡ ಮಧ್ಯಾಹ್ನದ ಪೌಷ್ಟಿಕ ಊಟವನ್ನೂ 2022ರಲ್ಲಿ ಶುರುವಾದ ಬೆಳಗಿನ ತಿಂಡಿಯನ್ನೂ ಹಸಿವು ತಣಿಸುವ ಯೋಜನೆಗಳೆಂದು ಮಾತ್ರ ನೋಡುವುದು ಸಾಲದು. ರಕ್ತಹೀನತೆಗೂ ಕಲಿಕೆಗೂ ಇರುವ ನಂಟನ್ನು ಚೆನ್ನೈನ ಮಕ್ಕಳ ಅಂಕಗಳೇ ಸೂಚಿಸಿವೆ.

ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಮನಶ್ಶಾಸ್ತ್ರಜ್ಞರದು. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಅಂಕಕ್ಕೆ ಯಾವ ಬೆಲೆಯೂ ಇಲ್ಲ, ಏಕೆಂದರೆ ಅದರ ಹಿಂದೆ ಹೋಲಿಕೆಯ ಗುಂಪೇ ಇರುವುದಿಲ್ಲ. ಚೆನ್ನೈ ಹೊರವಲಯದ ಮುಟ್ಟುಕಾಡಿನಲ್ಲಿ 2005ರಿಂದ ಬಹುವಿಧ ವೈಕಲ್ಯದವರ ರಾಷ್ಟ್ರೀಯ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ. ಇಂದಿನ ತಮಿಳು, ಕನ್ನಡ ಮಕ್ಕಳ ದೊಡ್ಡ ಮಾದರಿಗಳ ಮೇಲೆ ಹೊಸ ಮಾನದಂಡ ಕಟ್ಟುವ ಪರಿಣತಿ ಇವುಗಳಲ್ಲಿದೆ. ಅದಕ್ಕೆ ಬೇಕಾದ ಹಣವನ್ನು ಸರ್ಕಾರಗಳು ಕೊಡಬೇಕು, ಹತ್ತು ಹದಿನೈದು ವರ್ಷಕ್ಕೊಮ್ಮೆ ಆ ಕೆಲಸ ಮರುಕಳಿಸಬೇಕು. ಅಲ್ಲಿಯವರೆಗೆ ಮಗುವಿನ ವರದಿ ಕೈಗೆ ಬಂದ ತಂದೆತಾಯಿ ನಾಲ್ಕು ವಿಷಯಗಳನ್ನು ಕೇಳಿ ಬರೆಸಿಕೊಳ್ಳಲಿ: ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ನಡೆಯಿತು, ಅದರ ಮಾನದಂಡ ಯಾವ ವರ್ಷದ್ದು, ಅಂಕದ ಅಂಚು ಎಲ್ಲಿಂದ ಎಲ್ಲಿಯವರೆಗೆ.