ಬೇಡ ಎನ್ನುವ ಬಲ ಯಾರಿಗಿದೆ?

ಒಮಾನ್‌ನ ಮತ್ರಾದ ಸೂಕ್‌ನಲ್ಲೋ ಬಂದರಿನ ಆಸುಪಾಸಿನಲ್ಲೋ ದುಡಿಯುವ ವಲಸಿಗನಿಗೆ ಎಚ್‌ಐವಿ ಪರೀಕ್ಷೆ ಎಂದರೆ ಅನ್ನದ ಪ್ರಶ್ನೆ. ಕೊಲ್ಲಿಗೆ ಹೊರಡುವ ಮೊದಲೇ ಊರಿನಲ್ಲಿ ‘ಮೆಡಿಕಲ್’ ಮುಗಿಸಬೇಕು. ಸೋಂಕು ಕಂಡರೆ ‘ಅನ್‌ಫಿಟ್’. ಹೋದ ಮೇಲೆ ಕಂಡರೆ ಗಡೀಪಾರು. ಸಾಲದ್ದಕ್ಕೆ, ಒಮಾನ್‌ನ 2018ರ ದಂಡ ಸಂಹಿತೆಯಲ್ಲಿ ಸಲಿಂಗ ಸಂಬಂಧಕ್ಕೆ ಆರು ತಿಂಗಳಿಂದ ಮೂರು ವರ್ಷ ಜೈಲಿದೆ. ಜೊತೆಗಾರ ಕಾಂಡೋಮ್ ಬೇಡವೆಂದಾಗ ಹಟ ಹಿಡಿಯುವ ಧೈರ್ಯ ಇಂಥಲ್ಲಿ ಎಲ್ಲಿಂದ ಬರಬೇಕು? ‘ಎಲ್ಲರಿಗೂ ಹೇಳಿಬಿಡ್ತೇನೆ’ ಎಂಬ ಒಂದು ಬೆದರಿಕೆ ಸಾಕು, ಬಾಯಿ ಕಟ್ಟಿಹೋಗುತ್ತದೆ.

ಗಂಡಸರ ನಡುವಿನ ಸಂಬಂಧದಲ್ಲೂ ಮೇಲು-ಕೀಳು ಇದೆ ಎಂಬುದನ್ನು ಒಮಾನ್‌ನ ನೆಲದಿಂದಲೇ ಬರೆದವರು ಮಾನವಶಾಸ್ತ್ರಜ್ಞೆ ಉನ್ನಿ ವಿಕಾನ್. ಸೊಹಾರ್‌ನಲ್ಲಿ ಕಂಡ, ಹೆಣ್ಣಿನ ಪಾತ್ರ ವಹಿಸುವ ‘ಖನೀಥ್’ ಎಂಬ ಗಂಡಸರ ಬಗ್ಗೆ 1977ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಖನೀಥರ ಬಳಿ ಹೋಗುವ ಗಂಡಸಿನ ಗಂಡಸುತನಕ್ಕೆ ಕುಂದಿಲ್ಲ, ಕಳಂಕವೆಲ್ಲ ಇನ್ನೊಬ್ಬನದು. ಕರ್ನಾಟಕದಲ್ಲಿ ಹೆಣ್ಣಿನ ಹಾವಭಾವದ ‘ಕೋತಿ’ ಮತ್ತು ಅವನ ಗಂಡು ಸಂಗಾತಿ ‘ಪಂತಿ’ಯ ಸಂಬಂಧ ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಪಂತಿಯನ್ನು ಗಂಡನೆಂದೇ ಬಗೆಯುವ ಕೋತಿ, ಅವನಿಗೆ ಬೇಸರವಾಗದಂತೆ ನೋಡಿಕೊಳ್ಳುವುದನ್ನು ತನ್ನ ಧರ್ಮ ಎಂದುಕೊಂಡಿರುತ್ತಾನೆ. ಕಾಂಡೋಮ್ ಕೇಳಿದರೆ ‘ನನ್ನ ಮೇಲೆ ಅನುಮಾನವಾ?’ ಎಂಬ ಮಾತು ಬರುತ್ತದೆ.

1981ರಲ್ಲಿ ಏಡ್ಸ್ ಬೆಳಕಿಗೆ ಬಂದಾಗ ಈ ತಿಳಿವಳಿಕೆ ಕೆಲಸಕ್ಕೆ ಬರಲಿಲ್ಲ. ತಜ್ಞರು ಜೋಡಿಯನ್ನು ನೋಡದೆ ಒಬ್ಬೊಬ್ಬರನ್ನೇ ಎಣಿಸಿದರು, ಕರಪತ್ರ ಹಂಚಿದರು. ಸಂಬಂಧದೊಳಗಿನ ಅಧಿಕಾರ ಅಳೆಯುವ ಪ್ರಸಿದ್ಧ ಮಾಪಕವೊಂದನ್ನು ಜೂಲಿ ಪುಲರ್‌ವಿಟ್ಜ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಅದು ಹೆಂಗಸರಿಗಾಗಿ ರೂಪಿಸಿದ್ದು. ಇಬ್ಬರೂ ಗಂಡಸರಾದರೆ ಇಬ್ಬರೂ ಸಮಾನರು ಎಂಬ ಊಹೆ ಸಂಶೋಧಕರಲ್ಲೂ ಗಟ್ಟಿಯಾಗಿತ್ತು.

ಆ ಊಹೆಯನ್ನು ಅಲುಗಾಡಿಸಿದ್ದು 2009ರ ಅಮೆರಿಕದ ಒಂದು ಅಂದಾಜು. ಐದು ನಗರಗಳ ಮಾಹಿತಿಯ ಪ್ರಕಾರ, ಗಂಡಸರ ನಡುವಿನ ಸೋಂಕಿನಲ್ಲಿ ಶೇ 68ರಷ್ಟು ಬಂದದ್ದು ಕಾಯಂ ಸಂಗಾತಿಯಿಂದ! ಗುರುತಿಲ್ಲದವನ ಮುಂದೆ ಇರುವ ಎಚ್ಚರ, ನಂಬಿದವನ ಮುಂದೆ ಇರುವುದಿಲ್ಲ.

ಕರ್ನಾಟಕದಲ್ಲಿ ಕಣ್ಣು ತೆರೆಸಿದ್ದು ಲೈಂಗಿಕ ಅಲ್ಪಸಂಖ್ಯಾತರ ಸಮುದಾಯವೇ. ಬೆಂಗಳೂರಿನಲ್ಲಿ ಅವರ ಹಕ್ಕುಗಳ ಸಂಘಟನೆ ‘ಸಂಗಮ’ 1999ರಲ್ಲಿ ಹುಟ್ಟಿತು. ಅವರ ಮೇಲಿನ ದೌರ್ಜನ್ಯ ಕುರಿತ ಮಾನವ ಹಕ್ಕು ಸಂಘಟನೆ ಪಿಯುಸಿಎಲ್-ಕರ್ನಾಟಕದ 2001ರ ವರದಿ, ಪೊಲೀಸರ ಹಣ ವಸೂಲಿಯನ್ನೂ ಹಲ್ಲೆಯನ್ನೂ ದಾಖಲಿಸಿತು. 2003ರ ನಂತರ ‘ಆವಾಹನ್’ ಎಂಬ ಎಚ್‌ಐವಿ ತಡೆ ಯೋಜನೆಯಡಿ ಜಿಲ್ಲೆಗಳಲ್ಲಿ ಕ್ಲಿನಿಕ್‌ಗಳು ತೆರೆದವು, ಅಂಕಿಅಂಶ ಸಿಗತೊಡಗಿತು. ರಾಜ್ಯದ ಅಧ್ಯಯನವೊಂದು 2012ರಲ್ಲಿ ಹೊರಬಂದಾಗ, ಮಾತಾಡಿಸಿದ ಪುರುಷರು ಮತ್ತು ಲಿಂಗಾಂತರಿಗಳಲ್ಲಿ ಶೇ 18ರಷ್ಟು ಮಂದಿ ಹಿಂದಿನ ಒಂದೇ ವರ್ಷದಲ್ಲಿ ಲೈಂಗಿಕ ಹಿಂಸೆ ಅನುಭವಿಸಿದ್ದರು. ಕಾಂಡೋಮ್ ಹಂಚಿದವರೆಲ್ಲ ಓದಲೇಬೇಕಾದ ಸಂಖ್ಯೆ ಇದು.

2010ರಲ್ಲಿ ಪ್ರಯೋಗದ ಫಲಿತಾಂಶ ಬಂದ, ಎಚ್‌ಐವಿ ತಗುಲದಂತೆ ತಡೆಯುವ ‘ಪ್ರೆಪ್’ ಮಾತ್ರೆ ಲೆಕ್ಕವನ್ನು ಬದಲಿಸಿತು: ಅದನ್ನು ನುಂಗಲು ಸಂಗಾತಿಯ ಒಪ್ಪಿಗೆ ಬೇಡ. ಚಿಕಿತ್ಸೆಯಿಂದ ವೈರಸ್ ಅಡಗಿದವನಿಂದ ಸೋಂಕು ಹರಡದು ಎಂಬುದನ್ನು ಪುರುಷ ಜೋಡಿಗಳಲ್ಲೇ ನಡೆದ ಯುರೋಪಿನ ಅಧ್ಯಯನ 2019ರಲ್ಲಿ ಖಚಿತಪಡಿಸಿತು. ಆದರೂ ವಲಸಿಗರಂತೆ ಒಂದೇ ಕೋಣೆಯಲ್ಲಿ ಹಲವರು ಮಲಗುವ ಕಡೆ ಮಾತ್ರೆಯ ಡಬ್ಬಿ ಬಚ್ಚಿಡುವುದು ಸುಲಭವಲ್ಲ.

ಭಾರತದಲ್ಲೂ ಕಾನೂನಿನ ಕಥೆ ಇನ್ನೂ ಮುಗಿದಿಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಬಿಡಿಸಿತು; ಬಲಾತ್ಕಾರಕ್ಕೆ ಕಲಂ ಉಳಿದಿತ್ತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಆ ಕಲಮನ್ನು ಪೂರ್ತಿ ಕೈಬಿಟ್ಟಿದೆ. ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದಕ್ಕೆಂದೇ ಈಗ ಕಲಂ ಇಲ್ಲ. ಈ ಕೊರತೆಯ ಬಗ್ಗೆ ಬೇಗ ತೀರ್ಮಾನಿಸಿ ಎಂದು ದೆಹಲಿ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರಕ್ಕೆ ಸೂಚಿಸಿತು.