ಎಡಕ್ಕೆ ಹೆಸರು, ಬಲಕ್ಕೆ ಊರು

ಅಂಚೆಯ ವಿಂಗಡಣೆ ಮಾಡುವವರು ಲಕೋಟೆಯ ಮೇಲೆ ಮೊದಲು ನೋಡುವುದು ಊರನ್ನು. ಹೆಸರು ಬೇಕಾಗುವುದು ಕಟ್ಟಕಡೆಗೆ. ಇ-ಮೇಲ್ ವಿಳಾಸವನ್ನು ಗಣಕಯಂತ್ರಗಳು ಓದುವ ಕ್ರಮವೂ ಇದೇ. '@' ಚಿಹ್ನೆಯ ಬಲಕ್ಕಿರುವುದು ಊರು, ಎಡಕ್ಕಿರುವುದು ಹೆಸರು. 1971ರಲ್ಲಿ ಆ ಚಿಹ್ನೆಯನ್ನು ನಡುವೆ ಕೂರಿಸಿದವರು ಅಮೆರಿಕದ ಬಿಬಿಎನ್ ಕಂಪೆನಿಯ ಎಂಜಿನಿಯರ್ ರೇ ಟಾಮ್ಲಿನ್ಸನ್. ಜನರ ಹೆಸರಿನಲ್ಲಿ ಎಂದೂ ಬಾರದ ಚಿಹ್ನೆ ಅವರಿಗೆ ಬೇಕಿತ್ತು.

ಆಗ ಬಲಗಡೆ ಇರುತ್ತಿದ್ದುದು ಒಂದು ಯಂತ್ರದ ಹೆಸರು. ಯುಯುಸಿಪಿ ಎಂಬ ಇನ್ನೊಂದು ಜಾಲದಲ್ಲಂತೂ ಕಾಗದ ಬರೆದವನೇ ದಾರಿಯನ್ನೂ ಬರೆಯಬೇಕಿತ್ತು: ಈ ಯಂತ್ರದಿಂದ ಆ ಯಂತ್ರಕ್ಕೆ, ಅಲ್ಲಿಂದ ಮತ್ತೊಂದಕ್ಕೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ನಿಯಮದ ಪ್ರಕಾರ, ಒಂದು ಡೊಮೈನಿನ ಅಂಚೆಯನ್ನು ಪಡೆಯುವ ಯಂತ್ರ ಯಾವುದೆಂದು 'ಎಂಎಕ್ಸ್' ದಾಖಲೆ ಹೇಳತೊಡಗಿತು. ನೋಡಲು ಸಣ್ಣ ಬದಲಾವಣೆ. ಆದರೆ ಸ್ವಂತ ಯಂತ್ರವಿಲ್ಲದ ಸಂಸ್ಥೆಗೂ ಸ್ವಂತ ವಿಳಾಸ ಸಾಧ್ಯವಾದದ್ದು, ಒಂದೇ ಸರ್ವರ್ ನೂರಾರು ಡೊಮೈನುಗಳ ಅಂಚೆಮನೆಯಾದದ್ದು ಇದರಿಂದಲೇ.

ಅಂಥ ಸರ್ವರಿಗೆ ಎರಡು ಪಟ್ಟಿ ಕೊಡಬೇಕು. ತಾನು ಹೊಣೆ ಹೊತ್ತ ಡೊಮೈನುಗಳು ಯಾವುವು ಎಂಬುದು ಒಂದು. ಪ್ರತಿಯೊಂದರಲ್ಲೂ ಯಾರ್ಯಾರಿದ್ದಾರೆ ಎಂಬುದು ಇನ್ನೊಂದು. ಎರಡು ಡೊಮೈನುಗಳಲ್ಲಿ ಒಬ್ಬೊಬ್ಬ ರವಿ ಇದ್ದರೆ ಅವರಿಬ್ಬರ ಕಾಗದ ಬೆರೆಯಬಾರದು. ಎಡಭಾಗದ ಅರ್ಥ ಹೇಳುವ ಹಕ್ಕು ಆಯಾ ಮನೆಯದು. ಎಲ್ಲರೂ ಇಟ್ಟುಕೊಳ್ಳಲೇಬೇಕಾದ ಹೆಸರು ಒಂದಿದೆ, 'ಪೋಸ್ಟ್‌ಮಾಸ್ಟರ್'. 1982ರ ನಿಯಮಾವಳಿಯಲ್ಲೇ ಅದಕ್ಕೆ ಜಾಗವಿತ್ತು!

ಮೊದಲ ಪಟ್ಟಿಯ ವಿಷಯದಲ್ಲಿ ಹಳಬರು ಉದಾರಿಗಳು. ಯಾರು ಯಾರಿಗೆ ಬರೆದ ಕಾಗದ ಬಂದರೂ ಅನೇಕ ಸರ್ವರುಗಳು ಮುಂದಕ್ಕೆ ದಾಟಿಸುತ್ತಿದ್ದವು. ಪರಿಚಿತರೇ ತುಂಬಿದ್ದ ಜಾಲದಲ್ಲಿ ಅದು ಸೌಜನ್ಯ. 1990ರ ದಶಕದಲ್ಲಿ ಜಾಹೀರಾತುದಾರರು ಈ ಸೌಜನ್ಯವನ್ನು ಬಿಟ್ಟಿ ಕೂಲಿಯಾಗಿಸಿಕೊಂಡರು. ತನ್ನದಲ್ಲದ ಅಂಚೆಯನ್ನು ಅಪರಿಚಿತರಿಂದ ಪಡೆದು ಸಾಗಿಸಬೇಡಿ ಎಂಬ ಲಿಖಿತ ಶಿಫಾರಸು 1999ರ ಫೆಬ್ರವರಿಯಲ್ಲಿ ಬಂತು.

ಎರಡನೆಯ ಪಟ್ಟಿಯನ್ನು ಅಲಕ್ಷಿಸಿದರೆ ಆಗುವ ಕೇಡು ಇನ್ನೂ ವಿಚಿತ್ರ. ಇಲ್ಲದವರ ಹೆಸರಿನ ಕಾಗದವನ್ನು ಒಳಗೆ ತೆಗೆದುಕೊಂಡು, ಆಮೇಲೆ 'ವಿಳಾಸದಾರರಿಲ್ಲ' ಎಂದು ಹಿಂದಿರುಗಿಸುವುದು ಸಭ್ಯತೆಯಂತೆ ಕಾಣುತ್ತದೆ. ಆದರೆ ಕಸದ ಅಂಚೆಯಲ್ಲಿ ಕಳುಹಿಸಿದವರ ವಿಳಾಸವೇ ಸಾಮಾನ್ಯವಾಗಿ ಸುಳ್ಳು. ಆ ಉತ್ತರ ಏನೂ ಅರಿಯದ ಮೂರನೆಯವರ ಮನೆ ಸೇರುತ್ತದೆ. ಆದ್ದರಿಂದ ಸರ್ವರ್ ಹೊಸ್ತಿಲಲ್ಲೇ ಪಟ್ಟಿ ನೋಡಿ ಬೇಡವೆನ್ನಬೇಕು. ವಿಳಾಸದಲ್ಲಿ ಒಂದಕ್ಷರ ತಪ್ಪಿದಾಗ ಕ್ಷಣಾರ್ಧದಲ್ಲಿ ನಮಗೆ ಬಂದು ಬೀಳುವ ನಿಷ್ಠುರ ಇಂಗ್ಲಿಷ್ ಸಂದೇಶ ಸಾಮಾನ್ಯವಾಗಿ ಆ ಹೊಸ್ತಿಲಿನ ಸುದ್ದಿ.